ಅಬ್ಬಿಗೇರಿಯ ಒಕ್ಕಣ್ಣಜ್ಜ

ಹತ್ತು ಗ್ರಾಂ ಚಿನ್ನ ಲಕ್ಷ ದಾಟಿದ್ದೇ ತಡ, ಟಿವಿಯವರು ಎಲ್ಲರ ಬಾಯಿಗೂ ಮೈಕು ಹಿಡಿದರು. ಷೇರುಪೇಟೆ ಪಂಡಿತರು ಮಾತಾಡಿದರು, ಜ್ಯೋತಿಷಿಗಳು ಮಾತಾಡಿದರು, ಶೋರೂಮಿನ ಮೆಟ್ಟಿಲಲ್ಲಿ ನಿಂತ ಅತ್ತೆ-ಸೊಸೆಯರೂ ಮಾತಾಡಿದರು. ಇತ್ತ ಉದ್ಯೋಗ ಮೇಳಗಳಲ್ಲಿ 'ಕೌಶಲ ಕಲಿಯಿರಿ, ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ' ಎಂಬ ಭಾಷಣ ಬೇರೆ. ಕೌಶಲವನ್ನೂ ಚಿನ್ನವನ್ನೂ ಹತ್ತಿರದಿಂದ ಕಂಡವರನ್ನು ಯಾರೂ ಕೇಳಲಿಲ್ಲವಾದ್ದರಿಂದ ನಾನು ರೋಣ ತಾಲ್ಲೂಕಿನ ಅಬ್ಬಿಗೇರಿಗೆ ಹೋದೆ. ಅರ್ಧ ಬೆಳ್ಳಿ-ಬಂಗಾರ, ಅರ್ಧ ವಾಚ್ ರಿಪೇರಿ ನಡೆಸುವ ಡಬ್ಬಿ ಅಂಗಡಿಯೊಂದರ ಭೂತಗನ್ನಡಿಯನ್ನು ಮಾತಿಗೆಳೆದೆ. ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಬಟ್ಟಲು ಅದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡದ್ದಂತೆ. ಒಡೆಯ ಪತ್ತಾರ ಊಟಕ್ಕೆ ಹೋಗಿದ್ದ.

ನಾನು: ಅಜ್ಜಾರ, ಈ ಕಸಬಿನ್ಯಾಗ ಹುಡುಗರಿಗೆ ಮುಂದ ಭವಿಷ್ಯ ಐತೇನ್ರಿ?

ಭೂತಗನ್ನಡಿ: ಸೆಲ್ ಹಾಕಸಾಕ ಬಂದೀಯೇನು?

ನಾನು: ಇಲ್ರಿ, ಸಂದರ್ಶನಕ್ಕ.

ಭೂತಗನ್ನಡಿ: ಹಂಗಾರ ಕುಂಡ್ರು ತಮ್ಮಾ. ಈ 'ಸೆಲ್ ಹಾಕ್ರಿ' ಅನ್ನಾವ್ರನ್ನ ಕಂಡ್ರ ನನಗ ಮೈ ಉರೀತೈತಿ. ವಾಚು ನಿಂತ್ರೂ ಸೆಲ್, ಮುಳ್ಳು ಉದುರಿದ್ರೂ ಸೆಲ್, ನೀರಾಗ ಬಿದ್ರೂ ಸೆಲ್. ಮೊನ್ನೆ ಒಬ್ಬ ಅವರಜ್ಜನ ಎಚ್‌ಎಂಟಿ ಜನತಾ ತಂದು 'ಸೆಲ್ ಹಾಕ್ರಿ' ಅಂದ. ಚಾವಿ ಕೊಡೋ ವಾಚಿಗೆ ಸೆಲ್! ನಮ್ಮ ಪತ್ತಾರ ಮಾತಾಡ್ಲಿಲ್ಲ, ನಾಕು ಸುತ್ತು ಚಾವಿ ಕೊಟ್ಟ, ನಡದೇ ಬಿಟ್ಟಿತು. ಹುಡುಗ 'ಎಷ್ಟಾತ್ರಿ?' ಅಂದ. ಚಾವಿ ಕೊಟ್ಟದ್ದಕ್ಕ ಏನಂತ ರೊಕ್ಕ ಇಸಗೋಬೇಕು?

ನಾನು: ಎಚ್‌ಎಂಟಿ ಕಾಲ ಚಲೋ ಇತ್ತಲ್ರಿ?

ಭೂತಗನ್ನಡಿ: ಕೇಳಬ್ಯಾಡ. 1961ರಾಗ ಜಪಾನಿನ ಸಿಟಿಜನ್ ಕಂಪನಿ ಕೂಡ ಕೈಜೋಡಿಸಿ ಬೆಂಗಳೂರಾಗ ಶುರು ಮಾಡಿದ್ರು. ಡಯಲ್ ಮ್ಯಾಲ '17 ಜ್ಯುವೆಲ್ಸ್' ಅಂತ ಇರತಿತ್ತಲ್ಲ, ಅವು ಕೆಂಪಿನ ಹರಳು. ಶೋಕಿಗಲ್ಲ ಮತ್ತ, ಚಕ್ರದ ಅಚ್ಚು ತಿರಗೋ ಕಡೆ ಸವೀಬಾರದಂತ ಕೂಡಸ್ತಿದ್ರು. ಹೆಂಡತಿ ಮೂಗಬಟ್ಟಿಗೆ ಒಂದು ಹರಳು ಹಾಕಸಾಕ ಮೂರು ಸುಗ್ಗಿ ಕಾಯೋ ಮನ್ಯಾಗ, ಗಂಡನ ಮುಂಗೈಯಾಗ 17! ಅದರ ಬ್ಯಾಲೆನ್ಸ್ ಚಕ್ರ ತಾಸಿಗೆ 18,000 ಸಲ ಬಡೀತಿತ್ತು. ನಾನು ಅದನ್ನ ನೋಡಕೋತನ ಮುದುಕಾದೆ. 2016ರ ಜನವರಿಯಾಗ ಮುಚ್ಚೂದಂತ ದಿಲ್ಲಿಯಾಗ ತೀರ್ಮಾನ ಆತು. ತುಮಕೂರಿನ ಕಾರ್ಖಾನಿ ಜಾಗ ಇಸ್ರೋದವರಿಗೆ ಹೋತು. ಈಗ ಬಿಡಿಭಾಗ ಬೇಕಂದ್ರ ಸತ್ತ ವಾಚಿನ ಹೊಟ್ಟಿ ಬಗದು ಬದುಕಿದ್ದಕ್ಕ ಹಾಕ್ತೇವಿ.

ನಾನು: ಮದುವ್ಯಾಗ ವರಗ ಎಚ್‌ಎಂಟಿ ವಾಚು, ಉಂಗುರ ಕೊಡತಿದ್ರಲ್ರಿ...

ಭೂತಗನ್ನಡಿ: ಹೌದು. ಉಂಗುರ ಇಲ್ಲೇ, ವಾಚಿನ ಬೆಲ್ಟೂ ಇಲ್ಲೇ.

ನಾನು: ಅದಕ್ಕ ಕೇಳಾಕತ್ತೀನಿ. ಅಷ್ಟು ವಾಚು ಕೊಟ್ಟ ಊರಾಗ ಅಕ್ಕಿಕಾಳು ಯಾಕ ಒಂದು ಸಲಾನೂ ಹೊತ್ತಿಗೆ ಬೀಳಲಿಲ್ಲ? ಲಗ್ನಪತ್ರಿಕೆಯಾಗ '12 ಗಂಟೆ 37 ನಿಮಿಷಕ್ಕೆ' ಅಂತ ಅಚ್ಚು ಹಾಕಸ್ತಾರ. 12-35 ಅಲ್ಲ, 12-40 ಅಲ್ಲ, 37! ಆ ಹೊತ್ತಿನ್ಯಾಗ ಮದುಮಗ ಡಿಜೆ ಮುಂದ ಕುಣೀತಿರತಾನ, ಸೋದರಮಾವ ನರೇಗಲ್ಲ ದಾಟೇನಿ ಅಂತ ಫೋನಿನ್ಯಾಗ ಸುಳ್ಳು ಹೇಳ್ತಿರತಾನ, ಮೈಕಿನ್ಯಾಗ 'ಶಾಸಕರು ಇದೀಗ ಆಗಮಿಸಲಿದ್ದಾರೆ' ಅಂತಿರತಾರ. ಹಸಿದು ಕುಂತ ನಾವು ಕೈಯಾಗಿನ ಅಕ್ಕಿ ಒಂದೊಂದಾಗಿ ಬಾಯಾಗ ಹಾಕ್ಕೊಂಡು...

ಭೂತಗನ್ನಡಿ: ತಮ್ಮಾ, ಸಂದರ್ಶನ ನಂದೋ ನಿಂದೋ?

ನಾನು: ತಪ್ಪಾತ್ರಿ. ಬಂಗಾರದ ಕೆಲಸ ಹೆಂಗ ನಡದೈತಿ?

ಭೂತಗನ್ನಡಿ: ಮಾಡೂದು ನಿಂತೈತಿ, ಕೂಡಸೂದು ನಡದೈತಿ. ಹಿಂದ ಹೆಸರಿನ ಪೀಕು ಕೈ ಹಿಡದ ವರ್ಷ ಬೋರಮಾಳ, ಟಿಕ್ಕಿಸರ ಅಂತ ಬರತಿದ್ರು. ಈಗ ಕಿವಿಯೋಲಿ ತಿರುಪು ಸವದೈತಿ, ಕಾಲುಂಗುರ ಸೀಳೈತಿ, ಲಿಂಗದ ಕರಡಿಗಿ ಬಾಯಿ ಸಡ್ಲಾಗೈತಿ, ಇಷ್ಟ. ಬಿಳಿಗಾರ ಹಚ್ಚು, ಊದು, ಬೆಸಿಗಿ ಹಾಕು, ಮೂವತ್ತು-ನಾಲ್ವತ್ತು ರೂಪಾಯಿ ಇಸಗೊ. ಅದಕ್ಕೂ 'ಇಷ್ಟಕ್ಕ ಇಷ್ಟ್ಯಾಕ?' ಅಂತಾರ. ಮೈಮ್ಯಾಲಿನ ಬಂಗಾರದ ಕಿಮ್ಮತ್ತು ಏರಿದಂಗ ಕೈಕೆಲಸದ ಕಿಮ್ಮತ್ತು ಇಳೀತು.

ನಾನು: ಕಲಿಯಾಕ ಎಷ್ಟು ವರ್ಷ ಬೇಕ್ರಿ?

ಭೂತಗನ್ನಡಿ: ಮೊದಲಿಗೆ ಕಸಾ ಹೊಡಿಯೂದ ಕಲೀಬೇಕು. ನಗಬ್ಯಾಡ. ಪತ್ತಾರನ ಅಂಗಡಿ ಕಸದಾಗೂ ಬಂಗಾರ ಇರತೈತಿ. ನಮ್ಮ ಕಪ್ಪತಗುಡ್ಡದ ಹಳ್ಳದ ಮರಳು ತೊಳದು ಬಂಗಾರ ತಗೀತಿದ್ದ ಜಾಲಗಾರರ ಹೆಸರು ಕೇಳಿಯಲ್ಲ? ಆಮ್ಯಾಲ ಅರ, ಆಮ್ಯಾಲ ಊದೂದು. ಉಸಿರು ಒಂದೀಟು ಹೆಚ್ಚಾದ್ರ ಮಂದಿ ಗುಳದಾಳಿ ಕರಗಿ ಗುಂಡಾಗತೈತಿ. ವಾಚಿನ ಹೇರ್‌ಸ್ಪ್ರಿಂಗ್ ಮುಟ್ಟಾಕ ಬಿಡೂದು ಎಲ್ಲಾಕಿಂತ ಕಡೀಕ.

ನಾನು: ನಿಮ್ಮ ಪತ್ತಾರರ ಕಣ್ಣು, ಬೆನ್ನು ಹೆಂಗದಾವ್ರಿ?

ಭೂತಗನ್ನಡಿ: ಅದನ್ನ ಬಿಡು. ಈ ಸ್ಮಾರ್ಟ್ ವಾಚ್ ಅಂತ ಬಂದಾವಲ್ಲ, ರಾತ್ರಿ ಫೋನಿನಂಗ ಗ್ವಾಡಿಗೆ ಚುಚ್ಚತಾರ. ಬಿಚ್ಚಿದ್ರ ಒಳಗ ಒಂದು ತಿರುಪಿಲ್ಲ, ಎಲ್ಲಾ ಅಂಟು. ನಾನು ಏನ್ ನೋಡ್ಲಿ? ಅದಕ್ಕಿಂತ ಸೆಲ್ಲಿನ ವಾಚೇ ಚಲೋ ಅನ್ನೂ ಹಂಗಾಗೇನಿ, ನೋಡು ನನ್ನ ಹಣೇಬರ!

ನಾನು: ಆದ್ರೂ ಅಜ್ಜಾರ, ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತ ಗಾದಿ ಐತಲ್ರಿ.

ಭೂತಗನ್ನಡಿ: ಆಡು. ನೀನೂ ಆಡು. ನಾಕು ಗುಂಜಿ ಕಡಿಮಿ ಬಿದ್ದಾಗ ಮನಿಯಾಕಿ ಓಲಿ ಕರಗಿಸಿ ತುಂಬಿ ಕೊಟ್ಟದ್ದನ್ನ ನಾನು ಈ ಒಂದು ಕಣ್ಣಿಲೇ ನೋಡೇನಿ. ಶೋರೂಮಿನ್ಯಾಗ ಮಷಿನ್ನು ಹೆಣದ ಸರಕ್ಕ 'ವೇಸ್ಟೇಜ್' ಅಂತ ಬಿಲ್ಲಿನ್ಯಾಗ ಬರದು ಕೊಡ್ತಾರ. ಎಸಿಯಾಗ ಕುಂತು, ಅವರು ಕೊಟ್ಟ ತಂಪು ಕುಡದು, ಎಣಿಸಿ ಕೊಟ್ಟು ಬರ್ತೀರಿ. ಆ ವೇಸ್ಟೇಜು ಎಲ್ಲಿ ಹೋತು ಅಂತ ಕೇಳಾವ ಒಬ್ಬ ಇಲ್ಲ. ಅದಕ್ಕ ಗಾದಿ ಇಲ್ಲ.

1963ರ ಜನವರಿಯಾಗ, ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿ ಇದ್ದಾಗ, ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಮ್ಯಾಲಿನ ದಾಗೀನು ಮಾಡಬಾರದು ಅಂದ್ರು. ಬಂಗಾರ ಗಂಟು ಕಟ್ಟಿ ಇಟ್ಟಾವರಿಗೆ ಏನೂ ಆಗಲಿಲ್ಲ. ಊದುಗೊಳವಿ ಹಿಡದಾವ ಬೀದಿಗೆ ಬಿದ್ದ. ದೇಶದ ತುಂಬ ಅಕ್ಕಸಾಲಿಗರು ಜೀವಾ ಕಳಕೊಂಡ್ರು. ಕಾಯ್ದೆ ಪೂರಾ ಹೋಗಾಕ 1990 ಬರಬೇಕಾತು. ಒಬ್ಬರಾದ್ರೂ ಬಂದು 'ತಪ್ಪಾತು' ಅಂದ್ರೇನು? ಈಗ ಹಾಲ್‌ಮಾರ್ಕ್ ಬಂದೈತಿ, 2023ರ ಏಪ್ರಿಲ್‌ನಿಂದ ಆರು ಅಕ್ಷರದ ನಂಬರ್ ಬೇರೆ. ಮೋಸ ನಿಲ್ಲಲಿ, ನಾನು ಬ್ಯಾಡ ಅನ್ನಂಗಿಲ್ಲ. ವರ್ಷಕ್ಕ 40 ಲಕ್ಷದೊಳಗ ವ್ಯಾಪಾರ ಮಾಡಾವರಿಗೆ ಸರಕಾರ ವಿನಾಯಿತಿ ಕೊಟ್ಟೈತಿ. ಗಿರಾಕಿ ಕೊಡ್ತಾನೇನು? 'ನಂಬರ್ ಎಲ್ಲೈತಿ?' ಅಂತಾನ, ಗದಗಿನ ಬಸ್ಸು ಹತ್ತತಾನ.

ನಾನು: ವಿಶ್ವಕರ್ಮ ಯೋಜನೆ ಐತಲ್ರಿ?

ಭೂತಗನ್ನಡಿ: ಐತಿ. 2023ರ ಸೆಪ್ಟೆಂಬರ್ 17ಕ್ಕ ಬಂತು. ಸಲಕರಣಿಗೆ 15,000, ತರಬೇತಿಗೆ ದಿನಕ್ಕ 500. 18 ಕಸಬಿನ ಪಟ್ಟಿ ನಾನ ದೊಡ್ಡದು ಮಾಡಿ ಓದೇನಿ. ಅಕ್ಕಸಾಲಿಗ ಅದಾನ, ಬೀಗ ಮಾಡಾವ ಅದಾನ, ಮಾಲಿ ಕಟ್ಟಾವ ಅದಾನ, ಮೀನಿನ ಬಲಿ ಹೆಣಿಯಾವ ಅದಾನ. ಗಡಿಯಾರ ರಿಪೇರಿ ಮಾಡಾವ ಇಲ್ಲ. ನಮ್ಮ ಪತ್ತಾರ ಮುಂಜಾನೆ ಓಲಿ ಹಿಡದಾಗ ವಿಶ್ವಕರ್ಮ, ಮಧ್ಯಾಹ್ನ ವಾಚು ಬಿಚ್ಚಿದ ಕೂಡ್ಲೇ ಯಾರೂ ಅಲ್ಲ!

ನಾನು: ಮುಂದ ಈ ಅಂಗಡಿ ಯಾರು ನಡಸ್ತಾರ್ರಿ?

ಭೂತಗನ್ನಡಿ: ಪತ್ತಾರನ ತಮ್ಮನ ಮಗ ಒಬ್ಬ ಕಲತಿದ್ದ. ಎಂಥಾ ಕೈ ಅಂತೀ! ಗಂಟು ಬಿದ್ದ ಹೇರ್‌ಸ್ಪ್ರಿಂಗ್ ಉಸಿರು ಹಿಡದು ಬಿಡಸ್ತಿದ್ದ. ಈಗ ಬೆಂಗಳೂರಾಗ ಬೈಕಿನ ಮ್ಯಾಲ ಪಾರ್ಸಲ್ ಹಂಚತಾನ. ರೊಕ್ಕಕ್ಕ ಹೋಗ್ಯಾನ ಅಂತ ತಿಳಕೋಬ್ಯಾಡ, ಇಲ್ಲಿಗಿಂತ ಏನ್ ಹೆಚ್ಚಿಗಿ ಉಳಿಯಂಗಿಲ್ಲ ಅವಗ. 'ರಿಪೇರಿ ಮಾಡಾವಗ ಹೆಣ್ಣು ಕೊಡಂಗಿಲ್ಲ' ಅಂತ ನೋಡಿದ ಕಡೆಯೆಲ್ಲಾ ಅಂದ್ರು. ಬೆಂಗಳೂರಾಗ ಕೆಲಸ ಅಂದ್ರ ಏನ್ ಕೆಲಸ ಅಂತ ಕೇಳಂಗಿಲ್ಲ ನೋಡು.

ನಾನು: ಛೇ, ಅನ್ಯಾಯ ಬಿಡ್ರಿ. ಸಮಾಜ ಬದಲಾಗಬೇಕು.

ಭೂತಗನ್ನಡಿ: ಆಗಲಿ. ನಿನ್ನ ಮಗಳಿಗೆ ವರಾ ನೋಡಾಕತ್ತೀರಂತ ಪತ್ತಾರನ ಮುಂದ ಯಾರೋ ಅಂತಿದ್ರು. ನಾಳೇನ ಹುಡುಗನ್ನ ಕರಸ್ತೀವಿ. ಕೊಡ್ತಿಯೇನು?

ನಾನು: ಅದೇನಪಾ ಅಂದ್ರ ಅಜ್ಜಾರ, ಆ 12-37ರ ಮಾತು ಅರ್ಧಕ್ಕ ನಿಂತಿತ್ತಲ್ರಿ...