ತೆರಿಗೆ ಉಳಿಸಿದ ಲ್ಯಾಪ್‌ಟಾಪು

ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಒಂದು ಶನಿವಾರ-ಭಾನುವಾರ, ಪ್ರಜೆಗಳ ಮೇಲೆ ಕರುಣೆ ಉಕ್ಕುತ್ತದೆ. ಆ ಎರಡು ದಿನ ಅಂಗಡಿಯಲ್ಲಿ ಕೊಂಡ ಸಾಮಾನಿಗೆ ಶೇ. 6.25 ಮಾರಾಟ ತೆರಿಗೆ ಇಲ್ಲ. ಒಂದೊಂದು ವಸ್ತುವಿನ ಬೆಲೆ 2,500 ಡಾಲರ್ ದಾಟಬಾರದು, ಅಷ್ಟೇ. 2025ರಲ್ಲಿ ಆ ದಿನಗಳು ಆಗಸ್ಟ್ 9 ಮತ್ತು 10. ಬಾಸ್ಟನ್ನಿನ ಪಶ್ಚಿಮಕ್ಕಿರುವ ಶ್ರೂಸ್‌ಬರಿಯ ಒಂದು ಕನ್ನಡ ಮನೆಯವರು ಲ್ಯಾಪ್‌ಟಾಪ್ ಕೊಳ್ಳಲು ಆ ವಾರಾಂತ್ಯವನ್ನೇ ಗೊತ್ತು ಮಾಡಿಕೊಂಡಿದ್ದರು. ಆದರೆ ಪಂಚಾಂಗ ಆಗಸ್ಟ್ 8ರ ಶುಕ್ರವಾರಕ್ಕೇ ವರಮಹಾಲಕ್ಷ್ಮಿ ವ್ರತವನ್ನು ತಂದು ನಿಲ್ಲಿಸಿತು. ಶುಕ್ರವಾರ ಪೂಜೆ, ಶನಿವಾರ ಊರೂರು ಸುತ್ತಿ ಅರಿಶಿನ-ಕುಂಕುಮ, ಭಾನುವಾರ ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನ. ಸೀರೆ ಬದಲಾಯಿಸಲಿಕ್ಕೇ ಪುರುಸೊತ್ತಿಲ್ಲದವರು ಲ್ಯಾಪ್‌ಟಾಪ್ ಎಲ್ಲಿ ನೋಡಿಯಾರು? ಲಕ್ಷ್ಮಿಯ ಸೇವೆಯಲ್ಲೇ ಲಕ್ಷ್ಮಿ ಕೈತಪ್ಪಿದಳೆಂದು ಮನೆಯ ಯಜಮಾನರು ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಲೆಕ್ಕ ಹಾಕಿದರು.

ಹಾಗೆಂದು ಆ ಮನೆಯಲ್ಲಿ ಲ್ಯಾಪ್‌ಟಾಪಿಗೆ ಬರವಿರಲಿಲ್ಲ. ಗಂಡನ ಆಫೀಸಿನದೊಂದು, ಹೆಂಡತಿಯ ಆಫೀಸಿನದೊಂದು, ಮಗನ ಶಾಲೆ ಕೊಟ್ಟ ಕ್ರೋಮ್‌ಬುಕ್ ಒಂದು. ಮೂರರ ಮೇಲೂ ಮನೆಯವರಿಗೆ ಅಧಿಕಾರವಿಲ್ಲ. ಒಂದು ಫಾಂಟ್ ಹಾಕಿಕೊಳ್ಳಬೇಕೆಂದರೂ ಯಾರೋ ಕಾಣದವರ ಅಪ್ಪಣೆ ಬೇಕು. ಸ್ವಂತದ್ದು ಎನ್ನುವುದು 2016ರಲ್ಲಿ ಕೊಂಡ ಒಂದೇ ಒಂದು. ಅದೂ ಕೆಟ್ಟಿರಲಿಲ್ಲ, ತೊಂದರೆ ಅದೇ. ಕೆಡದ ವಸ್ತುವನ್ನು ಬದಲಾಯಿಸಬೇಕಾದರೆ ನಮ್ಮವರಿಗೆ ಸರ್ಕಾರಿ ಆದೇಶದಂಥ ಕಾರಣ ಬೇಕು. ಈ ಸಲ ಅದು ಮೈಕ್ರೋಸಾಫ್ಟ್‌ನಿಂದ ಬಂತು. 2025ರ ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ಇಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದಾದರೂ ಇರಬೇಕು. ಮನೆಯ ಯಂತ್ರ ಆರನೇ ತಲೆಮಾರಿನದು. ಮೂವತ್ತು ಡಾಲರ್ ಕಟ್ಟಿದರೆ ಇನ್ನೊಂದು ವರ್ಷ ಅಪ್‌ಡೇಟ್ ಸಿಗುತ್ತದಂತೆ ಎಂದು ಯಜಮಾನರು ಊಟಕ್ಕೆ ಕೂತಾಗ ಓದಿ ಹೇಳಿದರು. ಮಗ ತಟ್ಟೆ ಬಿಟ್ಟು ಎದ್ದ. ಹಾಗೆ ಹುಡುಕಾಟ ಶುರುವಾಯಿತು.

ಮಗ ಮೊದಲು ಹೋಂವರ್ಕಿನ ಹೆಸರಲ್ಲಿ ಅರ್ಜಿ ಹಾಕಿದ. ಶಾಲೆಯ ಕ್ರೋಮ್‌ಬುಕ್ ಎದುರಿಗೇ ಕೂತಿದ್ದರಿಂದ ಅದು ತಕ್ಷಣ ವಜಾ ಆಯಿತು. ಎರಡನೆಯ ಅರ್ಜಿ, “ಸ್ವಲ್ಪ ಗೇಮು.” ಸ್ವಲ್ಪ ಎಂದರೆ ಎಷ್ಟು ಎಂದು ಅಮ್ಮ ಕೇಳಿದಳು. ಮೈನ್‌ಕ್ರಾಫ್ಟ್, ರೋಬ್ಲಾಕ್ಸ್, ಫೋರ್ಟ್‌ನೈಟ್. ಆಮೇಲೆ ಗಂಟಲು ಸರಿಮಾಡಿಕೊಂಡು, ವ್ಯಾಲರಂಟ್. ಮೈನ್‌ಕ್ರಾಫ್ಟ್ ಅಮ್ಮನಿಗೆ ಗೊತ್ತು. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುವ ಆಟ, ಅದರಿಂದ ಬುದ್ಧಿ ಬೆಳೆಯುತ್ತದೆಂದು ಯಾರೋ ಹೇಳಿದ್ದರು. ವ್ಯಾಲರಂಟ್‌ನಲ್ಲಿ ಏನು ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಪ್ಪನಿಗೆ ಬೇಕಾಗಿದ್ದದ್ದು ಬೇರೆಯೇ. ಅವರು ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಅಂಗಡಿ ಅಲೆದು, ಒಂದು ಕಡೆ ಮದರ್‌ಬೋರ್ಡ್, ಇನ್ನೊಂದು ಕಡೆ ಕ್ಯಾಬಿನೆಟ್ ಕೊಂಡು, ಕೈಯಾರೆ ಕಂಪ್ಯೂಟರ್ ಜೋಡಿಸಿದವರು. ಕಾಲೇಜಿನ ಲ್ಯಾಬಿನಲ್ಲಿ ಡೇಂಜರಸ್ ಡೇವ್, ಹಾಸ್ಟೆಲಿನಲ್ಲಿ ಏಜ್ ಆಫ್ ಎಂಪೈರ್ಸ್ ಆಡಿದ ಬಲದ ಮೇಲೆ ಗೇಮಿನ ವಿಷಯದಲ್ಲೂ ತಮ್ಮ ಮಾತೇ ಕೊನೆಯದೆಂದು ನಂಬಿದವರು. ಈಗ ಎಂಟು ಜಿಬಿ ರ‍್ಯಾಮ್ ತಗೊಂಡು ಆಮೇಲೆ ಇನ್ನೊಂದು ಪಟ್ಟಿ ಸಿಕ್ಕಿಸಿದರಾಯಿತು ಎಂಬುದು ಅವರ ವಾದ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಸಿಕ್ಕಿಸಲು ಜಾಗವೇ ಇರುವುದಿಲ್ಲ ಎಂದು ಹದಿಮೂರರ ಮಗ ತಿಳಿಸಿದಾಗ ಅವರ ಮುಖ ಸಪ್ಪಗಾಯಿತು. ಎಸ್.ಪಿ. ರಸ್ತೆಯ ವಿದ್ಯೆಯೆಲ್ಲ ಒಂದೇ ವಾಕ್ಯಕ್ಕೆ ನೀರುಪಾಲು.

ಹಾಗಾದರೆ ಮ್ಯಾಕ್‌ಬುಕ್ ಏರ್ ತಗೊಳ್ಳೋಣ ಎಂದರು. ಆಪಲ್ 2025ರ ಮಾರ್ಚಿನಲ್ಲಿ ಬಿಟ್ಟ ಎಂ4 ಮಾದರಿ ಆಗ 999 ಡಾಲರ್‌ನಿಂದ ಶುರುವಾಗುತ್ತಿತ್ತು. ಹದಿನಾರು ಜಿಬಿ ರ‍್ಯಾಮ್ ಆರಂಭದ ಬೆಲೆಯಲ್ಲೇ ಬರುತ್ತಿತ್ತು, ತೂಕ ಒಂದೂಕಾಲು ಕಿಲೋ, ಫ್ಯಾನೇ ಇಲ್ಲ, ಬ್ಯಾಟರಿ ದಿನವಿಡೀ. ಬರೀ ದಿನಬಳಕೆಗೆ ಆ ಬೆಲೆಯಲ್ಲಿ ಅದಕ್ಕಿಂತ ಒಳ್ಳೆಯದನ್ನು ಹುಡುಕುವುದು ಆಗ ಕಷ್ಟವಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಕಡೆಯಿಂದ ಏಕಕಾಲಕ್ಕೆ ಅಡ್ಡಿ ಬಂತು. ಆಪಲ್‌ಗೂ ಫೋರ್ಟ್‌ನೈಟ್ ಮಾಡುವ ಎಪಿಕ್ ಕಂಪನಿಗೂ ಜಗಳವಾಗಿ 2020ರ ಆಗಸ್ಟಿನಿಂದ ಮ್ಯಾಕ್‌ನಲ್ಲಿ ಆ ಆಟ ಹೊಸದಾಗಿ ಬಂದಿಲ್ಲ, ವ್ಯಾಲರಂಟ್ ಅಂತೂ ಕಂಪ್ಯೂಟರುಗಳಲ್ಲಿ ವಿಂಡೋಸಿಗೆ ಮಾತ್ರ ಎಂದ ಮಗ. ಅಮ್ಮನ ತಕರಾರು ಇನ್ನೂ ಗಟ್ಟಿ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಪ್ರತಿವರ್ಷ ನಾಟಕ ಬರೆದುಕೊಡುವವಳು ಅವಳೇ. ಅವಳ ಹಳೆಯ ನಾಟಕಗಳೆಲ್ಲ ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’ದಲ್ಲಿ ಕೂತಿವೆ. ಬರಹ ವಿಂಡೋಸಿನ ತಂತ್ರಾಂಶ. ಹಳೆಯ ಫಾಂಟಿನ ಆ ಕಡತಗಳನ್ನು ಬೇರೆ ಕಡೆ ತೆರೆದರೆ ದುಶ್ಶಾಸನ ಕೂಡ ಪ್ರಶ್ನೆ ಚಿಹ್ನೆಯಾಗಿ ಕಾಣಿಸಿಕೊಳ್ಳುತ್ತಾನೆ. ವಿಂಡೋಸಿನಲ್ಲಾದರೆ 2019ರಿಂದ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಯಾವ ವಿಷಯದಲ್ಲೂ ಒಂದಾಗದ ತಾಯಿ ಮಗ ಆ ರಾತ್ರಿ ಒಂದೇ ಸೋಫಾದ ಮೇಲೆ ಕೂತು ಮ್ಯಾಕ್ ವಿರುದ್ಧ ಮತ ಹಾಕಿದರು.

ಇನ್ನು ಉಳಿದದ್ದು ವಿಂಡೋಸ್ ಯಂತ್ರಗಳ ಕಾಡು. ಎಎಂಡಿಯ 7000 ಸರಣಿಯಲ್ಲಿ ಹೆಸರಿನ ಮೂರನೆಯ ಅಂಕಿ 3 ಇದ್ದರೆ ಹಳೆಯ ವಿನ್ಯಾಸ, 4 ಇದ್ದರೆ ಹೊಸದು. ಮೊದಲ ಅಂಕಿ ನೋಡಿ ಕೊಂಡವರು ಮೋಸ ಹೋದಂತೆಯೇ. ಗ್ರಾಫಿಕ್ಸ್ ಚಿಪ್ಪಿನ ಕಥೆ ಅದಕ್ಕಿಂತ ಚೆಂದ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡಬಹುದು. ಉಪವಾಸ ಬಿದ್ದದ್ದಕ್ಕೂ ಉಂಡದ್ದಕ್ಕೂ ಪೆಟ್ಟಿಗೆಯ ಮೇಲೆ ಅದೇ ಸ್ಟಿಕರ್. ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಂದು ಪ್ರಶ್ನೆಗೆ ಇರುವಷ್ಟೂ ಎಂಜಿನಿಯರುಗಳಿಂದ ಇರುವಷ್ಟೂ ಉತ್ತರ. ಗ್ರಾಫಿಕ್ಸ್ ಚಿಪ್ ಮಾಡುವ ಕಂಪನಿಯಲ್ಲೇ ಕೆಲಸಕ್ಕಿರುವ ಗೆಳೆಯರೊಬ್ಬರು ಮಾತ್ರ ಸುಮ್ಮನಿದ್ದರು. ಫೋನು ಮಾಡಿ ಒತ್ತಾಯಿಸಿದ್ದಕ್ಕೆ, “ನಮ್ಮದು ಡೇಟಾ ಸೆಂಟರ್ ಕಡೆ ಕಣ್ರೀ, ಮನೇಲಿ ಹುಡುಗರಿಗೆ ಎಕ್ಸ್‌ಬಾಕ್ಸ್ ಕೊಡಿಸಿದೀನಿ” ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಹುಡುಗ ಹೇಳಿದ ಆಟಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೇ ಬೇಕೆಂದಿಲ್ಲ. ವ್ಯಾಲರಂಟ್‌ನ ಕನಿಷ್ಠ ಬೇಡಿಕೆ ಇಂಟೆಲ್ ಎಚ್‌ಡಿ 4000. ಅದು 2012ರಲ್ಲಿ ಪ್ರೊಸೆಸರಿನ ಒಳಗೇ ಬರುತ್ತಿದ್ದ ಗ್ರಾಫಿಕ್ಸು. ಎಎಂಡಿಯ ರೇಡಿಯಾನ್ 780ಎಂ ಥರದ ಈಗಿನ ಒಳಗ್ರಾಫಿಕ್ಸು ಈ ನಾಲ್ಕೂ ಆಟಗಳನ್ನು, ಸೆಟ್ಟಿಂಗು ಒಂದಿಷ್ಟು ತಗ್ಗಿಸಿದರೆ, ಧಾರಾಳವಾಗಿ ಆಡಿಸುತ್ತದೆ. ಉಳಿದ ದುಡ್ಡನ್ನು ಹದಿನಾರು ಜಿಬಿ ರ‍್ಯಾಮಿಗೆ, ಬಿಸಿಲಲ್ಲೂ ಕಾಣುವ ಪರದೆಗೆ, ಊರಿನವರಿಗೆ ಮುಖ ಸರಿಯಾಗಿ ತೋರಿಸುವ 1080ಪಿ ಕ್ಯಾಮೆರಾಗೆ ಹಾಕುವುದು ಜಾಣತನ. ಆದರೆ ಬೆಳಕು ಬದಲಾಯಿಸುವ ಕೆಂಪು ನೀಲಿ ಕೀಬೋರ್ಡು ಕಂಡ ಮೇಲೆ ಈ ಜಾಣತನ ಯಾವ ಹದಿಮೂರರ ಕಿವಿಗೂ ಬೀಳುವುದಿಲ್ಲ.

ತೆರಿಗೆ ರಜೆ ತಪ್ಪಿದರೇನು, ಉತ್ತರಕ್ಕೆ ನ್ಯೂ ಹ್ಯಾಂಪ್‌ಶೈರ್ ಇದೆ. ಆ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ಗಡಿ ದಾಟಿದೊಡನೆ ಸಿಗುವ ನ್ಯಾಶುವಾ ಊರು ಬದುಕಿರುವುದೇ ಮ್ಯಾಸಚೂಸೆಟ್ಸಿನ ಜಿಪುಣರಿಂದ. ಅಲ್ಲಿನ ಫೆಸೆಂಟ್ ಲೇನ್ ಮಾಲ್ ಗಡಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಕಾರು ನಿಲ್ಲಿಸುವ ಜಾಗದ ಒಂದು ಭಾಗ ಮ್ಯಾಸಚೂಸೆಟ್ಸಿನಲ್ಲೇ ಉಳಿದಿದೆ. ಕಟ್ಟಡದ ಒಂದು ಮೂಲೆ ಗೆರೆ ದಾಟಿದರೆ ತೆರಿಗೆ ಬೀಳುತ್ತದೆಂದು ಆ ಮೂಲೆಯನ್ನೇ ಕತ್ತರಿಸಿದಂತೆ ಓರೆಯಾಗಿ ಕಟ್ಟಿದ್ದಾರೆ. ಲೇಬರ್ ಡೇ ವಾರಾಂತ್ಯಕ್ಕೆ ಇಡೀ ಸಂಸಾರ ಅತ್ತ ಹೊರಟಿತು. ಆರು ತಿಂಗಳಿಗೆಂದು ದಾವಣಗೆರೆಯಿಂದ ಬಂದಿದ್ದ ಅಜ್ಜಿಯೂ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ನೀಕರ್ಸ್ ತೊಟ್ಟು ಮುಂದಿನ ಸೀಟಿನಲ್ಲಿ ಕೂತರು.

ಅಂಗಡಿಯಲ್ಲಿ ಒಬ್ಬೊಬ್ಬರ ಪರೀಕ್ಷೆ ಒಂದೊಂದು ಥರ. ಮಗ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಮ್ಮ ಒಂದೇ ಬೆರಳಿನಿಂದ ಮುಚ್ಚಳ ಎತ್ತಿ ನೋಡಿದಳು. ಬುಡವೂ ಜೊತೆಗೆ ಎದ್ದು ಬಂದವನ್ನೆಲ್ಲ ತಿರಸ್ಕರಿಸಿದಳು. ಅಪ್ಪ ಬಗ್ಗಿ ಬಗ್ಗಿ ವ್ಯಾಟ್ ಎಷ್ಟೆಂದು ಚೀಟಿ ಓದಿದರು, ಒಂದರಲ್ಲೂ ಬರೆದಿರಲಿಲ್ಲ. ಕೇಳೋಣವೆಂದರೆ ಸೇಲ್ಸ್ ಹುಡುಗ ಅವರನ್ನೇ ಮರುಪ್ರಶ್ನೆ ಕೇಳಿ ಒಂದಿಷ್ಟು ಕಲಿತುಕೊಂಡ. ಗೇಮು ಆಡುವವರಿಗೆಂದೇ ಮಾಡಿದ ಕಪ್ಪು-ಕೆಂಪು ಕುರ್ಚಿಯೊಂದು ಮೂಲೆಯಲ್ಲಿತ್ತು. ಅಜ್ಜಿ ಅದರಲ್ಲಿ ಕೂತವರು ಏಳಲೇ ಇಲ್ಲ. ಸೊಂಟಕ್ಕೆ ದಿಂಬು, ಕತ್ತಿಗೆ ದಿಂಬು, ಕೈಗೆ ಆಸರೆ. “ಇಷ್ಟೆಲ್ಲ ನೋಡೋ ಬದಲು ಇದೊಂದು ತಗಳ್ರಪ್ಪ, ನಾನು ಇರೋಗಂಟ ಕೂತ್ಕತೀನಿ” ಎಂದರು. ಮೂರೂ ಜನ ಕೇಳಿಸದವರಂತೆ ಮುಂದಿನ ಸಾಲಿಗೆ ಹೋದರು.

ಕೊನೆಗೆ ಆರ್‌ಟಿಎಕ್ಸ್ 4050 ಇರುವ, ಹದಿನಾರು ಜಿಬಿಯ ಒಂದು ಯಂತ್ರ 900 ಡಾಲರಿಗೆ ಆಯ್ಕೆಯಾಯಿತು. ಉಳಿದ ತೆರಿಗೆ 56 ಡಾಲರ್ 25 ಸೆಂಟ್. ತೆರಿಗೆ ಇಲ್ಲವಲ್ಲ ಎಂಬ ಹುಮ್ಮಸ್ಸಿನಲ್ಲಿ ಒಂದು ಕುಕ್ಕರು, ಎರಡು ಜೊತೆ ಶೂ, ಬಾತ್‌ರೂಮಿಗೆ ಹಾಸು, ಯಾರಿಗೂ ಬೇಡದಿದ್ದ ಒಂದು ದೀಪ ಕಾರು ಸೇರಿದವು. ಊಟಕ್ಕೂ ಅಲ್ಲೇ ಕೂತರು. ಬಿಲ್ಲು ಬಂದಾಗ ಯಜಮಾನರ ಹುಬ್ಬು ಗಂಟಾಯಿತು. ಮಾರಾಟ ತೆರಿಗೆ ಇಲ್ಲದ ನ್ಯೂ ಹ್ಯಾಂಪ್‌ಶೈರ್ ಹೋಟೆಲಿನ ಊಟಕ್ಕೆ ಮಾತ್ರ ಶೇ. 8.5 ಹಾಕುತ್ತದೆ, ಮ್ಯಾಸಚೂಸೆಟ್ಸಿನಲ್ಲಿ ಊರಿನ ಪಾಲು ಸೇರಿಸಿದರೂ ಅದು ಏಳು ದಾಟದು. ಸಾಲದ್ದಕ್ಕೆ, ಹೊರರಾಜ್ಯದಲ್ಲಿ ತೆರಿಗೆಯಿಲ್ಲದೆ ಕೊಂಡು ತಂದ ಸಾಮಾನಿಗೆ ಮನೆಗೆ ಬಂದು ಬಳಕೆ ತೆರಿಗೆ ಕಟ್ಟಬೇಕೆಂದು ಮ್ಯಾಸಚೂಸೆಟ್ಸಿನ ಕಾನೂನೇ ಇದೆ, ಆದಾಯ ತೆರಿಗೆಯ ಫಾರಮ್ಮಿನಲ್ಲಿ ಅದಕ್ಕೊಂದು ಸಾಲೂ ಇದೆ. ಹಳದಿ ದೀಪಕ್ಕೂ ಕಾರು ನಿಲ್ಲಿಸುವ ಯಜಮಾನರು ಆ ಸಾಲನ್ನು ಹೇಗೆ ತುಂಬುತ್ತಾರೆಂಬುದು ಅವರಿಗೂ ಅವರ ತೆರಿಗೆ ಸಾಫ್ಟ್‌ವೇರಿಗೂ ಬಿಟ್ಟ ವಿಚಾರ.

ಮನೆಗೆ ಬಂದ ಮೇಲೆ ತಯಾರಕರ ಪುಟ ಹುಡುಕಿ ನೋಡಿದರೆ ವ್ಯಾಟು ಅರವತ್ತು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಆಡತೊಡಗಿದ. ಚಾರ್ಜರ್ ಇಟ್ಟಿಗೆಯಷ್ಟು ದಪ್ಪ. ಅದಿಲ್ಲದೆ ಆಟ ಕುಂಟುತ್ತದೆ, ಆದ್ದರಿಂದ ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದು ಕೊಂಡ ಲ್ಯಾಪ್‌ಟಾಪು ಊಟದ ಮೇಜಿನ ಗೋಡೆ ಕಡೆಯ ತುದಿ ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಎಂಟೂವರೆಗೆ, ಅಂದರೆ ಊರಿನ ಸಂಜೆ ಆರಕ್ಕೆ, ಅಮ್ಮ ಅದರಲ್ಲೇ ಶಿವಮೊಗ್ಗದ ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಮಗ ಹಿಂದೆ ಆಟ ಮುಚ್ಚದೆ ಬಿಟ್ಟಿದ್ದರೆ ಫ್ಯಾನು ಭೋರೆನ್ನುತ್ತದೆ. “ಏನೇ ಅದು, ಬೆಳಬೆಳಿಗ್ಗೆ ದೋಸೆಗೆ ರುಬ್ತಿದೀಯಾ?” ಎಂದು ಅಕ್ಕ ಕೇಳುತ್ತಾಳೆ. ನಾಟಕದ ಮೊದಲ ಅಂಕ ಮುಗಿದಿದೆ, ಆದರೆ ರಾತ್ರಿ ಒಂಬತ್ತರ ನಂತರ ಮಾತ್ರ ಬರೆಯಲು ಸಾಧ್ಯ. ಅಲ್ಲಿಯವರೆಗೆ ಅಜ್ಜಿಯ ಧಾರಾವಾಹಿ.

ಇನ್ನು ಹಳೆಯ ಲ್ಯಾಪ್‌ಟಾಪು. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು. ಎಪ್ಪತ್ತಮೂರರ ಅಜ್ಜಿಗೂ ಆ ಹಕ್ಕಿದೆ ಎಂಬುದು ಹೊರನಾಡಿನ ಪ್ರತಿಯೊಂದು ಮನೆಗೂ ಬಾಯಿಪಾಠ. ದೀಪಾವಳಿಗೆ ಹೊರಟಿದ್ದ ಅವರ ಕೈಚೀಲದಲ್ಲಿ, ಔಷಧಿ ಡಬ್ಬಿಯ ಕೆಳಗೆ, ಅದಕ್ಕೆ ಜಾಗ ಮಾಡಲಾಯಿತು. ಯಜಮಾನರು ಡಿಸ್ಕು ಅಳಿಸಿ, ಪರದೆ ಒರೆಸಿ, ದಾವಣಗೆರೆಯ ತಂಗಿಯ ಮಗನಿಗೆ ಸಿಹಿಸುದ್ದಿ ಕೊಡಲು ಫೋನು ಮಾಡಿದರು. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ ನಯವಾಗಿಯೇ ಕೇಳಿದ, “ಪ್ರೊಸೆಸರ್ ಎಷ್ಟನೇ ಜನರೇಷನ್ ಮಾವ?”

“ಆರನೇದು. ಆದ್ರೆ ಹೊಸದರ ಥರಾನೇ ಇದೆ.”

“ವಿಂಡೋಸ್ ಹನ್ನೊಂದು ಬರಲ್ವಲ್ಲ ಮಾವ. ಬ್ಯಾಡ ಬಿಡಿ, ಅಜ್ಜಿಗೆ ಸುಮ್ನೆ ಭಾರ. ನಾನು ಹಬ್ಬದ ಸೇಲಲ್ಲಿ ಇಎಂಐ ಮೇಲೆ ತಗಂಡೆ, ಆರ್‌ಟಿಎಕ್ಸ್ 4060.”

ಹಿಂದಿನಿಂದ ಮಗ ಕೂಗಿದ, “ಎಷ್ಟು ವ್ಯಾಟು?”

“ನೂರಾ ಹದಿನೈದು.”

ಕೈಚೀಲದ ಆ ಜಾಗಕ್ಕೆ ಎರಡು ಕಿಲೋ ಬಾದಾಮಿ ಹೋಯಿತು.