ಒಂದು ಗೇಣು ಹೊಲ

ಇಂದಿರಾನಗರ, ಹಲಸೂರಿನ ಮನೆಗಳಲ್ಲಿ ಮಣ್ಣು ಉಳಿದಿದ್ದರೆ ಅದು ಕಾಂಪೌಂಡಿಗೂ ಕಾರಿಗೂ ನಡುವಿನ ಒಂದು ಗೇಣು ಜಾಗದಲ್ಲಿ. ತರಕಾರಿ ಬಿತ್ತನೆ ಅಲ್ಲೇ. ಬೀಜ ಅದರ ದಪ್ಪದ 2–3 ಪಟ್ಟು ಆಳದಲ್ಲಿರಬೇಕು. ಗುಂಡಿ ತೋಡಿ ಹೂತರೆ ಅದು ಬಿತ್ತನೆಯಲ್ಲ, ಅಂತ್ಯಸಂಸ್ಕಾರ. ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಬೇಕು, ಹೋಳಿಗೊಂದು ಬೀಜವಿರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆಬೀಜವನ್ನು ರಾತ್ರಿ ನೆನೆಹಾಕಿದರೆ ಬೇಗ ಮೊಳೆಯುತ್ತದೆ. ಮೆಂತ್ಯ 3–4 ದಿನದಲ್ಲಿ ಮುಖ ತೋರಿಸಿದರೆ, ಕೊತ್ತಂಬರಿ ಹತ್ತು ದಿನ ಸತಾಯಿಸುತ್ತದೆ. ಅಷ್ಟರೊಳಗೆ ಯಜಮಾನರು ಮೂರು ಸಲ ಮಣ್ಣು ಕೆದಕಿ ನೋಡಿರುತ್ತಾರೆ. ಬೀಜಕ್ಕೆ ಇರುವೆ, ಮೊಳಕೆಗೆ ಪಾರಿವಾಳ, ಬೇರಿಗೆ ಹೆಗ್ಗಣ ಪಾಲುದಾರರು. ಜೋರು ಮಳೆ ಬಂದರೆ ಕೆ.ಆರ್. ಪುರದಲ್ಲಿ ಬಿತ್ತಿದ್ದು ಪಕ್ಕದ ಸೈಟಿನಲ್ಲಿ ಹುಟ್ಟುತ್ತದೆ. ಆದ್ದರಿಂದ ಒಂದು ಹಿಡಿ ಹೆಚ್ಚೇ ಬಿತ್ತುವುದು ಜಾಣತನ.