ಸನ್ಮಾನದ ಶಾಲು ಮತ್ತು ಚುನಾವಣೋತ್ತರ ಶಾಂತಿ: ಒಂದು ಪ್ರೌಢ ಪ್ರಬಂಧ

1. ವಿಷಯ ಪ್ರವೇಶ

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷಗಳಿಲ್ಲ. ಇದು ಕಾನೂನು. ಅಭ್ಯರ್ಥಿಗಳು ಆಟೋ ರಿಕ್ಷಾ, ಹೊಲಿಗೆ ಯಂತ್ರದಂಥ ನಿರುಪದ್ರವಿ ಚಿಹ್ನೆಗಳ ಮೇಲೆ ನಿಲ್ಲುತ್ತಾರೆ. ಪಕ್ಷವೇ ಇಲ್ಲದ ಮೇಲೆ ಪಕ್ಷಭೇದ ಎಲ್ಲಿಂದ ಬರಬೇಕು? ತರ್ಕಶಾಸ್ತ್ರದ ಪ್ರಕಾರ ಬರಕೂಡದು. ಆದರೆ 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆದು, 30ರಂದು ಎಣಿಕೆ ಮುಗಿಯುವ ಹೊತ್ತಿಗೆ, ಇಲ್ಲದ ಪಕ್ಷಗಳ ಇಲ್ಲದ ಭೇದದಿಂದಾಗಿ ನಮ್ಮೂರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಡೇರಿಯಲ್ಲಿ ಹಾಲು ಹಾಕುವ ಸಾಲು ಎರಡಾಗಿತ್ತು. ಗೊತ್ತಾಗಿದ್ದ ಒಂದು ಸಂಬಂಧ ಮುರಿದುಬಿದ್ದಿತ್ತು.

ಈ ವ್ಯಾಧಿಗೆ ಬೀಗರ ಸಂಧಾನ, ಪೊಲೀಸರ ಬುದ್ಧಿವಾದ, ದೇವರ ಮುಂದಿನ ಆಣೆ ಇವು ಮೂರೂ ನಾಟಲಿಲ್ಲ. ನಾಟಿದ್ದು ಮಾಜಿ ಸೈನಿಕರ ಸನ್ಮಾನ. ಹೇಗೆಂಬುದನ್ನು ಸಾಧಾರವಾಗಿ ನಿರೂಪಿಸುವುದು ಈ ಪ್ರಬಂಧದ ಉದ್ದೇಶ.

2. ಕಾಲನಿರ್ಣಯ

ಡಿಸೆಂಬರ್ 30ರ ಫಲಿತಾಂಶದಿಂದ ಜನವರಿ 26ರ ಗಣರಾಜ್ಯೋತ್ಸವಕ್ಕೆ ಸರಿಯಾಗಿ 27 ದಿನ. ನಕ್ಷತ್ರಗಳೂ 27. ಅಂದರೆ ಸೋತವನ ಸಂಕಟವು ಅಶ್ವಿನಿಯಿಂದ ರೇವತಿಯವರೆಗೆ ಎಲ್ಲ ನಕ್ಷತ್ರಗಳಲ್ಲೂ ತಂಗಿ, ಗೆದ್ದವನ ಗರ್ವವೂ ಅಷ್ಟೇ ಸುತ್ತು ಹಾಕಿ ಬರುವಷ್ಟು ಕಾಲ. ನಡುವೆ ಜನವರಿ 15ರಂದು ಸೇನಾ ದಿನ, ನಂತರ 28ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಜಯಂತಿ. ಊರಿಗೊಬ್ಬರಂತೆ ಮಾಜಿ ಸೈನಿಕರನ್ನು ಹುಡುಕಿ ವೇದಿಕೆ ಹತ್ತಿಸಲು ಪಂಚಾಂಗದಲ್ಲಿ ಇದಕ್ಕಿಂತ ಪ್ರಶಸ್ತ ಮಾಸ ಇನ್ನೊಂದಿಲ್ಲ.

3. ಸನ್ಮಾನದ ಪಂಚಾಂಗಗಳು

ಶಾಲು, ಹಾರ, ಪೇಟ, ಫಲತಾಂಬೂಲ, ಸ್ಮರಣಿಕೆ. ಪೇಟ ಸಿದ್ಧಪಡಿಸಿದ್ದು, ಒಂದೇ ಅಳತೆಯದು, ಹುಬ್ಬಿನವರೆಗೆ ಇಳಿಯುತ್ತದೆ. ಸ್ಮರಣಿಕೆಯಲ್ಲಿ ಗಡಿಯಾರವಿರುತ್ತದೆ, ಸೆಲ್ ಇರುವುದಿಲ್ಲ. ಹಾರವನ್ನು ಫೋಟೊ ಆದ ಕೂಡಲೇ ತೆಗೆದಿಡುವುದು ಸಂಪ್ರದಾಯ. ಆದರೆ ಪ್ರಧಾನ ಅಂಗ ಶಾಲೇ. ಅದಕ್ಕೆ ನಾಲ್ಕು ಮೂಲೆಗಳಿವೆ, ಬಣಗಳು ಎರಡು, ಬಣಕ್ಕೆ ಎರಡೆರಡು ಮೂಲೆ. ಚುನಾವಣೆ ಮುಗಿದ ಊರಿನಲ್ಲಿ ಇಷ್ಟು ಸಮಪಾಲು ಮಾಡಬಹುದಾದ ವಸ್ತು ಬೇರೆ ಸಿಕ್ಕಿಲ್ಲ.

4. ಪೂರ್ವಪಕ್ಷ ಮತ್ತು ಅದರ ಖಂಡನೆ

'ಮಾಜಿ ಸೈನಿಕರೇ ಏಕೆ? ಮೇಷ್ಟ್ರು ಆಗದೇ?' ಎಂದು ಪೂರ್ವಪಕ್ಷದವರು ಕೇಳಬಹುದು. ಮೇಷ್ಟ್ರು ಮತಗಟ್ಟೆಯಲ್ಲಿ ಡ್ಯೂಟಿ ಮಾಡಿದವರು, ಅವರ ಮೇಲೆ ಎರಡೂ ಬಣಕ್ಕೆ ಗುಮಾನಿ. ಸ್ವಾಮಿಗಳಿಗೆ ಮಠ ಉಂಟು, ಮಠಕ್ಕೆ ಜಾತಿ ಉಂಟು. ಸೈನಿಕರನ್ನಾದರೋ ಚುನಾವಣಾ ಆಯೋಗವೇ ಕಾಪಾಡುತ್ತದೆ: ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬೇಡಿ ಎಂದು 2013ರಲ್ಲಿ ಪಕ್ಷಗಳಿಗೆ ಹೇಳಿ, 2019ರಲ್ಲಿ ಮತ್ತೊಮ್ಮೆ ಹೇಳಿತು. ಎರಡು ಸಲ ಹೇಳಬೇಕಾಗಿ ಬಂದದ್ದೇ ಆ ಚಿತ್ರದ ಬೆಲೆಗೆ ಪ್ರಮಾಣ.

ಇತಿಹಾಸವೂ ನಮ್ಮ ಕಡೆಗಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. ತಮ್ಮ ಕಡೆಗೆ ವಾಪಸು ಹೋಗಲೊಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಒಂದೆಡೆ. 'ನಮ್ಮವರ ತಲೆ ಕೆಡಿಸಿದ್ದಾರೆ' ಎಂದು ಕೂಗುವ ಸರ್ಕಾರಗಳು ಇನ್ನೊಂದೆಡೆ. ಅಧ್ಯಕ್ಷರ ಆಯ್ಕೆಗೆ ಮುನ್ನ ಸದಸ್ಯರನ್ನು ರೆಸಾರ್ಟಿಗೆ ಸಾಗಿಸುವ ನಮ್ಮ ಪಂಚಾಯಿತಿಗಳಿಗೆ ಈ ಸಮಸ್ಯೆಯ ಸ್ವರೂಪವನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಅವರು ಗ್ರೀಕರಿಗೂ ತುರ್ಕರಿಗೂ ನಡುವೆ ನಿಲ್ಲಲು ಸೈಪ್ರಸ್‌ಗೆ ಹೋದರು. 1965ರಲ್ಲಿ ಅದೇ ಕೆಲಸದಲ್ಲಿದ್ದಾಗಲೇ ತೀರಿಕೊಂಡರು.

ಕಾರ್ಯಪ್ಪನವರದು ಇನ್ನೂ ಸೂಕ್ಷ್ಮವಾದ ನಿದರ್ಶನ. ಅವರು 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಆ ಸಲ ದೇಶದಲ್ಲಿ ಗೆದ್ದದ್ದು ಕಾಂಗ್ರೆಸ್. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟದ್ದೂ ಕಾಂಗ್ರೆಸ್ ಸರ್ಕಾರವೇ. ಸೋತವರನ್ನು ಗೆದ್ದವರು ಗೌರವಿಸಬಹುದು ಎಂಬುದು ಇದರಿಂದ ಸಿದ್ಧ. ಹದಿನೈದು ವರ್ಷ ಹಿಡಿಯುತ್ತದೆ ಎಂಬುದೂ ಸಿದ್ಧ.

5. ಪ್ರಯೋಗ

2021ರ ಜನವರಿ 26, ಸರ್ಕಾರಿ ಶಾಲೆಯ ಆವರಣ. ಕೊರೊನಾ ಕಾಲವಾದ್ದರಿಂದ ಎಲ್ಲರಿಗೂ ಮಾಸ್ಕ್; ಯಾರು ಯಾರನ್ನು ಕಂಡು ಮೂತಿ ಸೊಟ್ಟ ಮಾಡಿದರೆಂದು ತಿಳಿಯಲಿಲ್ಲ. ಶಾಂತಿಯ ಅರ್ಧ ಕೆಲಸ ಇದರಿಂದಲೇ ಆಯಿತು. ಸನ್ಮಾನಿತರು ಸೇನೆಯ ಎಂ.ಇ.ಜಿ.ಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದು ನಿವೃತ್ತರಾದ ಹವಾಲ್ದಾರರು. ಎರಡೂ ಬಣ ಬೇರೆ ಬೇರೆ ಶಾಲು ತಂದಿದ್ದವು. ಮೊದಲು ಯಾರದು ಎಂಬ ಬಗ್ಗೆ ಧ್ವಜಸ್ತಂಭದ ಬುಡದಲ್ಲೇ ಜಗ್ಗಾಟ ಶುರುವಾಗಿ, ಹೆಡ್‌ಮಿಸ್ಸು ಎರಡನ್ನೂ ಒಟ್ಟಿಗೆ ಹೊದಿಸಿದರು. ಹವಾಲ್ದಾರರು ಬೆವೆತರು. ಒಂದು ಶಾಲಿನ ಬೆಲೆಚೀಟಿ ಕಿವಿಗೆ ಚುಚ್ಚುತ್ತಿತ್ತು.

ಮೈಕು ಹಿಡಿದು ಅವರು ಆಡಿದ ಮಾತು ಯಥಾವತ್ತಾಗಿ ಹೀಗಿದೆ: "ಬಾರ್ಡರ್‌ನಲ್ಲಿ ನಿಂತಾಗ ಊರಲ್ಲಿ ಯಾರು ಯಾವ ಕಡೆ ಅಂತ ಕೇಳಿ ನಿಂತಿರಲಿಲ್ಲ ಕಣ್ರಪ್ಪಾ. ಅದಿರಲಿ. ಮನೇಲಿ ಶಾಲು ಹದಿನಾಲ್ಕವೆ. ನನಗೆ ಮಂಜೂರಾದ ಎರಡೆಕರೆ ಪೋಡಿ ಆಗಿಲ್ಲ. ಯಾರಾದ್ರೂ ಅದನ್ನ ಮಾಡಿಸ್ರೋ."

ಸೋತ ಬಣದ ಮುಖಂಡರು ಗೆದ್ದವರತ್ತ ತಿರುಗಿ, "ಇಷ್ಟು ವರ್ಷ ನೀವೇ ಇದ್ರಲ್ಲ, ಏನ್ ಮಾಡಿದ್ರಿ?" ಎಂದರು. "ನಿಮ್ಮ ಭಾವಮೈದ ತಾನೇ ಆಗ ಸರ್ವೆ ಆಫೀಸಲ್ಲಿದ್ದದ್ದು?" ಎಂದು ಗೆದ್ದವರು ಅಂದರು. ಜಗಳವೆಂದು ಸಭಿಕರು ಭ್ರಮಿಸಿದರು. ಶಾಸ್ತ್ರದೃಷ್ಟಿಯಿಂದ ಇದು 27 ದಿನಗಳ ಬಳಿಕ ನಡೆದ ಮೊದಲ ಮಾತುಕತೆ.

ಮರುದಿನ ಇಬ್ಬರೂ ಹವಾಲ್ದಾರರ ಫೈಲು ಹಿಡಿದು ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತರು. ಸರ್ವೆಯವರು ಸೀಟಿನಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ದನಿಯಲ್ಲಿ ಕಚೇರಿಯನ್ನು ಬೈಯತೊಡಗಿದ್ದರು. ಸಂಜೆ ಒಂದೇ ಬೈಕಿನಲ್ಲಿ ವಾಪಸಾದರು. ಸೌಹಾರ್ದವು ಭಾಷಣದಿಂದ ಹುಟ್ಟುವುದಿಲ್ಲ, ಮೂರನೆಯವರೊಬ್ಬರ ಕೆಲಸಕ್ಕಾಗಿ ಜೊತೆಯಲ್ಲಿ ಅಲೆದಾಗ ಹುಟ್ಟುತ್ತದೆ ಎಂಬ ನಮ್ಮ ಸಿದ್ಧಾಂತಕ್ಕೆ ಆ ಬೈಕೇ ಆಧಾರ.

6. ಶಿಫಾರಸುಗಳು

ಒಂದು: ಸನ್ಮಾನಕ್ಕೆ ಮುಂಚೆ ಸನ್ಮಾನಿತರನ್ನು 'ನಿಮಗೇನು ಬೇಕು?' ಎಂದು ಕೇಳುವುದು. ಪಿಂಚಣಿ, ಪೋಡಿ, ಆಸ್ಪತ್ರೆ ಎಂಬ ಉತ್ತರ ಬಂದರೆ ಗಾಬರಿಯಾಗಬಾರದು. ಎರಡು: ಆ ಕೆಲಸಕ್ಕೆ ಗೆದ್ದವರೊಬ್ಬರನ್ನೂ ಸೋತವರೊಬ್ಬರನ್ನೂ ಜೋಡಿಯಾಗಿಯೇ ಕಳಿಸುವುದು. ಮೂರು: ಕಚೇರಿಯಲ್ಲಿ ಬೆಂಚು ಒಂದೇ ಇರುವಂತೆ ನೋಡಿಕೊಳ್ಳುವುದು.

ಕೊನೆಗೂ ಪೋಡಿ ಆಯಿತು. ಅದು ತಮ್ಮಿಂದಲೇ ಆಯಿತೆಂದು ಎರಡೂ ಬಣ ಬೇರೆ ಬೇರೆ ಫ್ಲೆಕ್ಸ್ ಕಟ್ಟಿದವು. ಹವಾಲ್ದಾರರು ಇಬ್ಬರು ಮುಖಂಡರನ್ನೂ ಮನೆಗೆ ಕರೆದು ಕಾಫಿ ಕೊಟ್ಟು, ಟ್ರಂಕು ತೆಗೆದು, ಇವರಿಗೆ ಅವರು ತಂದಿದ್ದ ಶಾಲನ್ನೂ ಅವರಿಗೆ ಇವರು ತಂದಿದ್ದ ಶಾಲನ್ನೂ ಹೊದಿಸಿ ಕಳಿಸಿದರು. ಉಳಿದ ಶಾಲುಗಳು ಮುಂದಿನ ಚುನಾವಣೆಯ ಫಲಿತಾಂಶಕ್ಕಾಗಿ ಕಾದಿವೆ.